ಜರಡಿಯ ನಿಘಂಟಿನ ಒಂದು ಸಾಲು

"ಯಾಕೆ?" ಎಂದು ಐದು ಸಲ ಕೇಳಿದರೆ ಎಂಥ ಕೆಲಸದ ಬುಡವೂ ಸಿಗುತ್ತದೆ ಎನ್ನುವುದು ಜರಡಿಯ ಮೂಲಮಂತ್ರ. ಮನುಷ್ಯರು ಹೀಗೆ ಕೇಳಿದರೆ ಎರಡನೆಯ ಸಲಕ್ಕೇ ಜಗಳ ಹತ್ತುತ್ತದೆ. ಯಂತ್ರ ಕೇಳಿದರೆ ಯಾರೂ ಜಗಳವಾಡುವುದಿಲ್ಲ, ಯಂತ್ರದ ಹಿಂದೆ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತು.

ಜರಡಿ ಬೆಂಕಿಪೊಟ್ಟಣದಷ್ಟು ದೊಡ್ಡದು. ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರೆ ಸಾಕು, ಎಷ್ಟು ಹೆಜ್ಜೆ ನಡೆದಿರಿ, ಎಷ್ಟು ಹೊತ್ತು ಸುಮ್ಮನೆ ನಿಂತಿರಿ, ಯಾವ ಕೆಲಸವನ್ನು ಎರಡೆರಡು ಸಲ ಮಾಡಿದಿರಿ, ಎಲ್ಲ ಅದಕ್ಕೆ ತಿಳಿಯುತ್ತದೆ. ಅದಕ್ಕೆ ಅರ್ಥವಾಗದ್ದೇನಾದರೂ ನೀವು ಮಾಡಿದರೆ ಎದೆಯ ಮೇಲಿಂದಲೇ ಒಂದು ಹೆಣ್ಣುದನಿ ಮೆತ್ತಗೆ "ಯಾಕ್ರಿ?" ಎನ್ನುತ್ತದೆ. ಉತ್ತರ ಕೊಟ್ಟರೆ ಆ ಉತ್ತರಕ್ಕೆ ಇನ್ನೊಂದು "ಯಾಕ್ರಿ?" ಹೀಗೆ ಐದು. ಉತ್ತರಗಳ ಸರಪಳಿ ಕೊನೆಗೆ ಊರಿನವರ ಉಪಯೋಗಕ್ಕೆ ಹೋಗಿ ಮುಟ್ಟಿದರೆ ಅದು ಕೆಲಸ. ಮುಟ್ಟದಿದ್ದರೆ ಅದು ಪೋಲು. ಪೋಲಾದದ್ದನ್ನು ಸೋಸಿ ತೆಗೆಯುವುದು ಜರಡಿಯ ಕಸುಬು. ಮುದ್ದೇನೂರು ನಗರಪಾಲಿಕೆ ಎರಡು ವರ್ಷದ ಹಿಂದೆ ಅದನ್ನು ಕೊಂಡಿತು. ಆಸ್ಪತ್ರೆ, ಬಸ್ಸು, ಬೀದಿದೀಪ, ಕೊನೆಗೆ ಊರಿಗೆ ನೀರು ಶುದ್ಧಮಾಡಿ ಕಳಿಸುವ ಫಿಲ್ಟರ್ ಹೌಸು, ಎಲ್ಲವೂ ಜರಡಿಯೊಳಗೆ ಬಿದ್ದು ಹಗುರಾದವು.

ಆ ಹೆಣ್ಣುದನಿ ಸಹನಾ ಬಳಿಗಾರಳದು. ಹೆಸರಿಗೆ ಸಹನಾ. ಸಹನೆ ಮಾತ್ರ ಅವಳ ಓಣಿಯಲ್ಲೂ ಸುಳಿದಿಲ್ಲ ಎಂದು ಹಡೆದ ತಾಯಿ ನೀಲವ್ವನೇ ಹೇಳುತ್ತಾಳೆ. ಜರಡಿಗೆ ಕನ್ನಡ ಕಲಿಸಿದವಳು ಸಹನಾ. ಆ ಸೀಮೆಯ ಜನ ಮಾತಾಡುವ ಹನ್ನೊಂದು ಸಾವಿರ ಮಾತುಗಳಿಗೆ ಅರ್ಥ ಬರೆದು ಯಂತ್ರಕ್ಕೆ ತಿನ್ನಿಸಿದವಳು. ಈ ಕೆಲಸದಲ್ಲಿ ಅವಳಿಗೆ ನಿಜವಾದ ನಂಬಿಕೆಯಿತ್ತು. ಅವಳ ಅಪ್ಪ ಒಂದು ಸಹಿಗಾಗಿ ಹದಿಮೂರು ತಿಂಗಳು ಕಚೇರಿ ಅಲೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಜನರ ಆಯುಷ್ಯವನ್ನು ಹಾಗೆ ಪೋಲು ಮಾಡುವವರ ಮೇಲಿನ ಸಿಟ್ಟಿನಿಂದಲೇ ಅವಳು ಈ ಕಂಪನಿ ಸೇರಿದ್ದು.

ಈಗ ಆ ಸಿಟ್ಟೆಲ್ಲ ತಿರುಗಿ ಅವಳ ಮೇಲೆಯೇ ಬೀಳುವ ಹೊತ್ತು ಬಂದಿತ್ತು.

ಹದಿನೇಳು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಫಿಲ್ಟರ್ ಹೌಸಿನ ಕ್ಲೋರಿನ್ ಶೆಡ್ಡಿನಲ್ಲಿ ಒಂದು ಟನ್ನರ್ ಸೋರಿತು. ಟನ್ನರ್ ಎಂದರೆ ಒಂದು ಟನ್ ಕ್ಲೋರಿನ್ ಹಿಡಿಯುವ ಉಕ್ಕಿನ ಉರುಳೆ. ಕ್ಲೋರಿನ್ ಗಾಳಿಗಿಂತ ಭಾರ. ಮೇಲಕ್ಕೆ ಹಾರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಶೆಡ್ಡಿನ ಮೆಟ್ಟಿಲಿಳಿದು ಅದು ಕೆಳಗಿನ ತೋಟಕ್ಕೆ ಹೋಯಿತು. ಅಲ್ಲಿ ಕಸಗುಡಿಸುವ ಶಾಂತವ್ವ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದಳು. ಪಾಳಿಯಲ್ಲಿದ್ದ ಒಬ್ಬನೇ ಆಪರೇಟರ್ ಫಕ್ಕೀರಪ್ಪ ವಾಲೀಕಾರ ಒದ್ದೆ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಇಳಿದು ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಅವಳು ದಾರಿಯಲ್ಲೇ ತೀರಿಕೊಂಡಳು. ಅವನ ಎದೆಗೂಡು ಸುಟ್ಟುಹೋಯಿತು.

ಇನ್ನು ಮೂರು ದಿನಕ್ಕೆ ವಿಚಾರಣೆ. ಅದಕ್ಕೆ ತಯಾರಿ ಎಂದು ಪಾಲಿಕೆಯ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಸೇರಿದ್ದರು. ಕಂಪನಿಯ ಪ್ರಾದೇಶಿಕ ಮುಖ್ಯಸ್ಥ ವಿಕ್ರಾಂತ್ ಬೆಂಗಳೂರಿನಿಂದ ಬಂದಿದ್ದ. ನೀರು ಸರಬರಾಜಿನ ಕಾರ್ಯನಿರ್ವಾಹಕ ಎಂಜಿನಿಯರ್ ಸೋಮನಗೌಡರು ಗೋಡೆಯಗಲದ ಪರದೆಯ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು.

"ಕೇಳಿ," ಎಂದ ವಿಕ್ರಾಂತ್. ಗುಂಡಿ ಒತ್ತಿದ.

ಸಹನಾಳ ದನಿ ಬಂತು. "ಶೆಡ್ಡಿಗೆ ಹೊಂಟೀರಿ. ಯಾಕ್ರಿ?"

ಗಂಡುದನಿ. "ಸುಮ್ನ್ರಿ."

"ಸುಮ್ನ ಯಾಕ್ರಿ?"

"ಹಂಗ ಸುಮ್ನ."

ಮತ್ತೊಂದು ದಿನದ್ದು. ಮತ್ತೆ "ಸುಮ್ನ್ರಿ". ಮತ್ತೊಂದು. ವಿಕ್ರಾಂತ್ ಮುಂದಕ್ಕೆ ಓಡಿಸಿದ. ಸುಮ್ನ, ಸುಮ್ನ, ಹಂಗ, ಸುಮ್ನ. ಸೋಮನಗೌಡರು ಹೊಟ್ಟೆ ಕುಣಿಸಿ ನಕ್ಕರು.

"ಇನ್ನೂರ ಹನ್ನೊಂದು ಸಲ," ಎಂದ ವಿಕ್ರಾಂತ್. "ಒಂದು ಪಾಳಿಗೆ ಹದಿನಾಲ್ಕು ಸಲ ಆ ಶೆಡ್ಡಿಗೆ ನಡೀತಿದ್ದ. ಪ್ರತಿಸಲ ನೂರೆಂಬತ್ತು ಹೆಜ್ಜೆ. ಶೆಡ್ಡಿನಲ್ಲಿ ಸೆನ್ಸರ್ ಇದೆ, ಅದು ಅವನ ಮುಂದಿನ ಪರದೆ ಮೇಲೂ ಇಲ್ಲೂ ತೋರಿಸುತ್ತೆ. ಯಾಕೆ ಹೋಗ್ತೀಯಪ್ಪ ಅಂದ್ರೆ ಅವನ ಹತ್ರ ಕಾರಣ ಇಲ್ಲ. ಜರಡಿ ಓಡಾಟ ಬೇಡ ಅಂತ ಸೂಚಿಸ್ತು. ಆಜ್ಞೆ ಮಾಡಿಲ್ಲ, ಸೂಚನೆ ಅಷ್ಟೆ. ಅವನೇ ಒಪ್ಪಿಗೆ ಗುಂಡಿ ಒತ್ತಿದಾನೆ. ಒಬ್ಬ ಆಪರೇಟರ್, ಕ್ಲೋರಿನ್ ಶೆಡ್ಡಿಗೆ ಯಾಕೆ ಹೋಗಬೇಕು ಅಂತ ಗೊತ್ತಿಲ್ಲದವನು! ಇದು ನಿರ್ಲಕ್ಷ್ಯದ ಸಾವು. ಕೇಸು ಅವನ ಮೇಲೆ."

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದಂಗಾತು," ಎಂದು ಸಹನಾ ಬಾಯಿಬಿಟ್ಟೇ ಹೇಳಿದಳು. "ಸೆನ್ಸರ್ ಯಾಕ ಕೂಗಲಿಲ್ಲ?"

ಸೋಮನಗೌಡರ ನಗು ನಿಂತಿತು. "ಅದು ಸೊನ್ನಿ ತೋರಸ್ತಿತ್ರಿ. ತಯಾರಕರ ದೋಷ. ಅವರಿಗೆ ನೋಟೀಸ್ ಕೊಟ್ಟೇವಿ."

ಸೊನ್ನೆ ತೋರಿಸುವ ಸೆನ್ಸರ್ ಎರಡು ಬಗೆ. ಅನಿಲ ಇಲ್ಲದ್ದಕ್ಕೆ ಸೊನ್ನೆ ತೋರಿಸುವುದು ಒಂದು, ತನಗೇ ಜೀವ ಇಲ್ಲದ್ದಕ್ಕೆ ಸೊನ್ನೆ ತೋರಿಸುವುದು ಇನ್ನೊಂದು. ಅದರೊಳಗಿನ ರಾಸಾಯನಿಕದ ಕೋಶ ಎರಡು ವರ್ಷಕ್ಕೆ ಒಣಗುತ್ತದೆ, ಬದಲಿಸಬೇಕು. ಪರದೆಯ ಮೇಲೆ ಮಾತ್ರ ಎರಡು ಸೊನ್ನೆಯೂ ಒಂದೇ ಹಸಿರು ಬಣ್ಣದಲ್ಲಿ ಕಾಣುತ್ತವೆ. ಜರಡಿ ಅದನ್ನೇ ನಂಬಿತ್ತು.

ಸಹನಾ ಮನೆಗೆ ಬಂದು ಕಂಪ್ಯೂಟರ್ ತೆರೆದು ನಿಘಂಟಿನಲ್ಲಿ ಆ ಸಾಲು ಹುಡುಕಿದಳು. ಹುಡುಕುವ ಅಗತ್ಯವೇನೂ ಇರಲಿಲ್ಲ, ಅವಳಿಗೆ ನೆನಪಿತ್ತು. ಆ ಮಾತಿಗೆ ಅವಳು ಮೊದಲು ನಾಲ್ಕು ಅರ್ಥ ಬರೆದಿದ್ದಳು: ಕಾರಣವಿಲ್ಲದೆ, ಮಾತಿಲ್ಲದೆ, ಪುಕ್ಕಟೆಯಾಗಿ, ತಮಾಷೆಗೆ. ನಾಲ್ಕಿದ್ದರೆ ಯಂತ್ರ ತಡವರಿಸುತ್ತದೆ, ಒಂದು ಮಾತಿಗೆ ಹಲವು ಅರ್ಥ ಇರುವುದೂ ಒಂದು ಪೋಲೇ ಎಂದು ವಿಕ್ರಾಂತ್ ಹೇಳಿದ್ದ. ಆಗ ಚಹಾದ ಹೊತ್ತು. ಅವಳು ಒಂದೇ ನಿಮಿಷದಲ್ಲಿ ಮೂರನ್ನು ಅಳಿಸಿದ್ದಳು. ಈಗ ಪರದೆಯ ಮೇಲೆ ಉಳಿದಿದ್ದ ಸಾಲು ಇಷ್ಟೇ: 'ಸುಮ್ನ: ಕಾರಣವಿಲ್ಲ. ಪ್ರಶ್ನೆ ನಿಲ್ಲಿಸು.' ಎದುರಿಗೆ ಅವಳ ಹೆಸರು, ತಾರೀಖು.

ನೀಲವ್ವ ಬಾಗಿಲಲ್ಲಿ ಬಂದು ನಿಂತಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಗಳನ್ನೇ ನೋಡಿದಳು.

"ಯಾಕವ್ವಾ?" ಎಂದಳು ಸಹನಾ, ಪರದೆಯಿಂದ ಕಣ್ಣು ತೆಗೆಯದೆ.

"ಏನಿಲ್ಲ. ಸುಮ್ನ."

ಸಹನಾ ತಟ್ಟನೆ ತಿರುಗಿದಳು. "ಸುಮ್ನ ಅಂದ್ರ? ಖರೇ ಹೇಳು. ಯಾಕ ಬಂದಿ?"

"ಅಯ್ಯ, ಇದೇನ ಇದು ಪೊಲೀಸರಂಗ ಕೇಳಾಕತ್ತಿ!" ನೀಲವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ದನಿ ತಗ್ಗಿಸಿದಳು. "ನಿನ್ನೆ ರಾತ್ರಿನೂ ಉಂಡಿಲ್ಲ, ಇವತ್ತು ಮುಂಜಾನೆನೂ ಉಂಡಿಲ್ಲ. ರೊಟ್ಟಿ ಬಿಸಿ ಅದಾವು, ಕರೀಬೇಕಂತ ಬಂದೆ. ಕರದ್ರ ಹರಕೊಂಡು ತಿನ್ನಾಕ ಬರ್ತಿ. ಅದಕ್ಕ ಸುಮ್ನ ಅಂದೆ."

"ಅಂದ್ರ ಕಾರಣ ಇತ್ತು."

"ಕಾರಣ ಇಲ್ದ ಈ ಮಂಡಿ ನೋವಿನಾಗ ಅಡಿಗಿ ಮನಿಯಿಂದ ಎದ್ದು ಬರ್ತೀನೇನ?"

ಸಹನಾ ಅವ್ವನಿಗೆ ಎಲ್ಲ ಹೇಳಿದಳು. ಫಕ್ಕೀರಪ್ಪ, ಇನ್ನೂರ ಹನ್ನೊಂದು ಸಲ, ನಿಘಂಟಿನ ಸಾಲು. ನೀಲವ್ವ ನೆಲದ ಮೇಲೆ ಕೂತು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖವೂ ಕೆಂಪಾಯಿತು.

"ಸುಮ್ನ ಅಂದ್ರ ಕಾರಣ ಇಲ್ಲ ಅಂತ ಯಾಂವ ಹೇಳ್ಯಾನ ಆ ಮಶೀನಿಗೆ?"

"ನಾನ."

"ನೀ ನನ್ನ ಹೊಟ್ಯಾಗ ಹುಟ್ಟಿದಾಕಿ ಹೌದೋ ಅಲ್ಲೋ?" ಎಂದಳು ನೀಲವ್ವ. "ಬೀಗರ ಮನಿಗೆ ಹೋಗಿ ಕುಂತು, ಯಾಕ ಬಂದ್ರಿ ಅಂದ್ರ ಸುಮ್ನ ಬಂದ್ವಿ ಅಂತಾರ. ಕಾರಣ ಇರೂದಿಲ್ಲೇನು? ಮಗಳ ಲಗ್ನದ ಮಾತು ಇರತೈತಿ, ಸಾವಿನ ಸುದ್ದಿ ಇರತೈತಿ. ಕೇಳಾಂವ ಎರಡನೇ ಸರ್ತಿ ಕೇಳಬೇಕು. ಚಾ ಕುಡಿಸಿ, ಆ ಮ್ಯಾಲ ಕೇಳಬೇಕು. ಕೇಳಾಂವಗ ಪುರಸೊತ್ತಿಲ್ಲಂದ್ರ ಹೇಳಾಂವ ಏನ್ ಹೇಳ್ಯಾನು?"

ಸಹನಾ ಉಣ್ಣದೆಯೇ ಎದ್ದಳು. ಅವಳಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡದ್ದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಫಕ್ಕೀರಪ್ಪ ದಿಂಬಿಗೆ ಒರಗಿ ಕೂತಿದ್ದ. ಐವತ್ತಾರು ವರ್ಷದ ಸಣಕಲು ಆಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾಲ್ಕು ಮಾತಿಗೊಮ್ಮೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದ. ಸಹನಾ ಸ್ಟೂಲು ಎಳೆದುಕೊಂಡು ಕೂತಳು. ತಾನು ಯಾರೆಂದು ಹೇಳದೆ, ಅವಸರಕ್ಕೆ ಬಿದ್ದು ನೇರವಾಗಿ ಕೇಳಿಬಿಟ್ಟಳು.

"ಕಾಕಾ, ದಿನಾ ಶೆಡ್ಡಿಗೆ ಹೋಗ್ತಿದ್ರಲ್ಲ, ಯಾಕ್ರಿ?"

ಫಕ್ಕೀರಪ್ಪನ ಕೈ ಗಕ್ಕನೆ ಎದೆಯ ಮೇಲಿನ ಜೇಬಿಗೆ ಹೋಯಿತು. ಆಸ್ಪತ್ರೆಯ ಅಂಗಿಗೆ ಜೇಬೇ ಇರಲಿಲ್ಲ. ಅವನ ಕಣ್ಣಲ್ಲಿ ಹೆದರಿಕೆ ಕಾಣಿಸಿತು.

"ಸುಮ್ನ್ರಿ," ಎಂದ.

ಅವನಿಗೆ ಆ ದನಿಯ ಗುರುತು ಹತ್ತಿತ್ತು. ಸಹನಾ ಎದ್ದಳು. ಕೆಳಗಿಳಿದು ಕ್ಯಾಂಟೀನಿನಿಂದ ಎರಡು ಲೋಟ ಚಹಾ ತಂದಳು. ತಾನು ಯಾರು, ತನ್ನ ದನಿ ಆ ಪೆಟ್ಟಿಗೆಯೊಳಗೆ ಹೇಗೆ ಹೋಯಿತು, ಅವನ ಮಾತಿಗೆ ತಾನು ಏನು ಅರ್ಥ ಬರೆದೆ, ಎಲ್ಲ ಒಪ್ಪಿಸಿದಳು. ಅವನು ಚಹಾ ಊದಿ ಊದಿ ಕುಡಿದ. ಅವಳು ಕಾದಳು. ಜರಡಿ ಉತ್ತರಕ್ಕೆ ನಾಲ್ಕು ಸೆಕೆಂಡು ಕಾಯುತ್ತಿತ್ತು. ಅವಳು ಅರ್ಧ ತಾಸು ಕಾದಳು.

"ಆ ಸೆನ್ಸರ್ ಸತ್ತು ಎರಡೂವರಿ ವರ್ಷ ಆತ್ರಿ ಅಕ್ಕಾರ," ಎಂದ ಕೊನೆಗೆ. "ನಂಗೊತ್ತು. ಅಮೋನಿಯಾದಾಗ ಅರಿಬಿ ಅದ್ದಿ ನಟ್ಟಿನ ಹತ್ರ ಹಿಡದ್ರ... ಸೋರತಿದ್ರ ಬಿಳಿ ಹೊಗಿ ಏಳತೈತಿ. ಹೊಗಿ ಎದ್ದಾಗೂ ಅದು ಸೊನ್ನಿನ ತೋರಸ್ತಿತ್ತು. ಅದಕ್ಕ ನಾನ ಹೋಗಿ ಹೋಗಿ ನೋಡ್ತಿದ್ದೆ."

"ಗೌಡ ಸಾಹೇಬ್ರಿಗೆ ಹೇಳಲಿಲ್ಲೇನ್ರಿ?"

"ಮೂರು ಸರ್ತಿ ಹೇಳೀನ್ರಿ. ಮದ್ಲನೇ ಸರ್ತಿ, ಸುಮ್ನಿರೋ ಅಂದ್ರು. ಎರಡನೇ ಸರ್ತಿ, ಸುಮ್ನ ಇರಾಕ ಏನ್ ತಗೋತಿ ಅಂದ್ರು. ಮೂರನೇ ಸರ್ತಿ ಶೆಡ್ಡಿನ ರಜಿಸ್ಟರಿನಾಗ ಬರದೆ. ಸಾಹೇಬ್ರು ಅದರ ಷರಾದಾಗ ಹಸರ ಶಾಯಿಲೆ ಬರದ್ರು: ಫಕ್ಕೀರಪ್ಪ ಹೆಂಗಿದ್ರೂ ಅರ್ಧಾ ತಾಸಿಗೊಮ್ಮಿ ನೋಡ್ತಾನ, ಹೊಸ ಸೆನ್ಸರ್ ಅವಶ್ಯ ಇಲ್ಲ ಅಂತ."

ಸಹನಾ ಲೋಟ ಕೆಳಗಿಟ್ಟಳು. ಮನುಷ್ಯ ನೋಡುತ್ತಾನೆ, ಆದ್ದರಿಂದ ಸೆನ್ಸರ್ ಪೋಲು ಎಂದು ಸಾಹೇಬರು. ಸೆನ್ಸರ್ ನೋಡುತ್ತದೆ, ಆದ್ದರಿಂದ ಮನುಷ್ಯ ಪೋಲು ಎಂದು ಜರಡಿ. ಎರಡು ಲೆಕ್ಕವೂ ಒಂದೊಂದಾಗಿ ನೋಡಿದರೆ ಸರಿ. ಎರಡರ ನಡುವೆ ಶಾಂತವ್ವ ಬುತ್ತಿ ಬಿಚ್ಚಿ ಕೂತಿದ್ದಳು.

"ಇದನ್ನ ಜರಡಿಗೆ ಯಾಕ ಹೇಳಲಿಲ್ರಿ ಕಾಕಾ?"

ಅವನು ಬಹಳ ಹೊತ್ತು ಉಸಿರು ಎಳೆದುಕೊಂಡ. "ಅದರಾಗ ಹೇಳಿದ್ದು ಎಲ್ಲಾ ಸಾಹೇಬ್ರ ಟೇಬಲ್ಲಿಗೆ ಹೋಗ್ತೈತಲ್ರಿ. ಸುಮ್ನಿರು ಅಂದಾರ. ಸುಮ್ನ ಇದ್ದೆ. ಯಾಕ ಅಂತ ಕೇಳಿದ್ರ, ಸುಮ್ನ ಅಂದೆ. ಮತ್ತೇನ್ ಅನ್ಲಿ?"

ಮೊದಮೊದಲು ಅವನು ಜರಡಿಯ ಮಾತು ಕೇಳಿರಲಿಲ್ಲ. ಎದೆಯ ಮೇಲಿನ ಪೆಟ್ಟಿಗೆ ಕೆಂಪಾಯಿತು. ಗೇಟಿನ ಹತ್ತಿರದ ಬೋರ್ಡಿನಲ್ಲಿ 'ಅತಿ ಹೆಚ್ಚು ಪೋಲು' ಎಂದು ಅವನ ಫೋಟೊ ಬಂತು. ಜೊತೆಯ ಆಪರೇಟರನನ್ನು ಹೆಚ್ಚುವರಿ ಎಂದು ಬೇರೆ ಕಡೆ ಹಾಕಿದರು. ಅಮೋನಿಯಾ ಬಾಟಲಿಯನ್ನು ಅನಗತ್ಯ ದಾಸ್ತಾನು ಎಂದು ಒಯ್ದರು. ಒಬ್ಬನೇ ಉಳಿದ ಮೇಲೆ ಪರದೆಯ ಮುಂದಿನ ಕುರ್ಚಿ ಬಿಟ್ಟು ಎದ್ದರೂ ಪೋಲಾಯಿತು. ಐವತ್ತಾರು ವರ್ಷದ ಮನುಷ್ಯ, ಮೂರು ಊರಿಗೆ ನೀರು ಕುಡಿಸಿದವನು, ಕೊನೆಗೆ ಒಪ್ಪಿಗೆಯ ಗುಂಡಿ ಒತ್ತಿದ.

ಮರುದಿನ ಸಹನಾ ವಿಕ್ರಾಂತನ ಮುಂದೆ ನಿಂತು ಎಲ್ಲ ಹೇಳಿದಳು. ತನ್ನ ಸಾಲು ತಪ್ಪು, ವಿಚಾರಣೆಯಲ್ಲಿ ಹಾಗೆಂದು ಹೇಳುತ್ತೇನೆ ಎಂದಳು. ಅವನು ಸಿಟ್ಟಾಗಲಿಲ್ಲ. ಬಾಗಿಲು ಹಾಕಿ ಬಂದ.

"ಆ ಸಾಲಿನ ಮುಂದೆ ಇರೋದು ನಿಮ್ಮ ಹೆಸರು ಸಹನಾ. ಅವನ ತಪ್ಪಲ್ಲ ಅಂದ್ರೆ ಯಾರದು ಅಂತ ಕೇಳ್ತಾರೆ. ಇನ್ನು ನಲವತ್ತು ಊರು ಜರಡಿ ಕೊಳ್ಳೋಕೆ ಕಾದಿವೆ. ನಿಮಗೆ ಅವನು ಏನಾಗಬೇಕು? ನೀವೇನೂ ಸುಳ್ಳು ಹೇಳಬೇಕಾಗಿಲ್ಲ. ಸುಮ್ನಿದ್ಬಿಡಿ, ಅಷ್ಟೆ."

ಅವಳು ಅಳಿಸಿಹಾಕಿದ್ದ ಎರಡನೆಯ ಅರ್ಥ ಅದು. ಮಾತಿಲ್ಲದೆ. ಬಾಯಿ ಮುಚ್ಚಿಕೊಂಡು. ಫಕ್ಕೀರಪ್ಪ ಇನ್ನೂರ ಹನ್ನೊಂದು ಸಲ ಜರಡಿಗೆ ಖರೇ ಉತ್ತರವನ್ನೇ ಕೊಟ್ಟಿದ್ದ: ನನ್ನ ಬಾಯಿ ಮುಚ್ಚಿಸಿದ್ದಾರೆ ಎಂದು. ಸಹನಾಳಿಗೆ ಮೇಜಿನ ಮೇಲಿದ್ದ ಹೂದಾನಿ ಎತ್ತಿ ವಿಕ್ರಾಂತನ ತಲೆಗೆ ಹಾಕಬೇಕೆನ್ನಿಸಿತು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ದವಡೆ ಕಚ್ಚಿ ಹಿಡಿದುಕೊಂಡೇ ಅವಳು ಬಾಗಿಲು ತೆರೆದು ಹೊರಗೆ ಬಂದಳು.

ವಿಚಾರಣೆ ಪಾಲಿಕೆಯ ಹಳೆಯ ಸಭಾಂಗಣದಲ್ಲಿ. ವಿಚಾರಣಾಧಿಕಾರಿ ಜೆಸಿಂತಾ ಪಿಂಟೊ ಕರಾವಳಿಯವರು, ದಪ್ಪ ಕನ್ನಡಕ, ಮಾತು ಕಡಿಮೆ. ಮಾತನ್ನು ಅಕ್ಷರ ಮಾಡುವ ಯಂತ್ರ ಇದ್ದರೂ ಅವರು ಪಕ್ಕದಲ್ಲಿ ಒಬ್ಬ ಗುಮಾಸ್ತನನ್ನು ಪೆನ್ನು ಕೊಟ್ಟು ಕೂರಿಸಿಕೊಂಡಿದ್ದರು. ಫಕ್ಕೀರಪ್ಪನನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು.

ವಿಕ್ರಾಂತ್ ಧ್ವನಿಮುದ್ರಿಕೆ ಕೇಳಿಸಿದ. ಸುಮ್ನ, ಸುಮ್ನ, ಹಂಗ ಸುಮ್ನ. ಸಭಾಂಗಣದಲ್ಲಿ ಎರಡು ಮೂರು ಜನ ನಕ್ಕರು.

ಸಹನಾ ಎದ್ದು ನಿಂತಳು. ಕರೆಯುವವರೆಗೆ ಕಾಯಲಿಲ್ಲ. ತಾನು ಆ ಮಾತಿಗೆ ಬರೆದ ಅರ್ಥ ತಪ್ಪು, ಆ ಒಂದು ಸಾಲಿನಿಂದ ಯಂತ್ರ ಕೇಳುವುದನ್ನು ನಿಲ್ಲಿಸಿತು, ಆ ಸಾಲಿಗೆ ಸಹಿ ತನ್ನದು ಎಂದಳು. ಫಕ್ಕೀರಪ್ಪನ ಬಾಯಿ ಮುಚ್ಚಿಸಿದ್ದರು, ಅದರ ಸಾಕ್ಷಿ ಶೆಡ್ಡಿನ ರಜಿಸ್ಟರಿನಲ್ಲಿದೆ, ಪೊಲೀಸರು ಹಾಕಿದ ಸೀಲು ತೆಗೆಸಿ ಅದನ್ನು ತರಿಸಿ ಎಂದಳು. ಕೂರುವಷ್ಟರಲ್ಲಿ ಅವಳ ಫೋನಿಗೆ ಕಂಪನಿಯ ಸಂದೇಶ ಬಂದಿತ್ತು. ಅವಳ ಹುದ್ದೆ ಅನಗತ್ಯವಾಗಿದೆ ಎಂದು. ಅವಳು ಪೂರ್ತಿ ಓದಲಿಲ್ಲ.

ರಜಿಸ್ಟರು ಬರಲು ಒಂದು ತಾಸು ಹಿಡಿಯಿತು. ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ರಟ್ಟು ಉಬ್ಬಿತ್ತು, ಪುಟಗಳು ಅಗ್ನಿಶಾಮಕದವರು ಹೊಡೆದ ನೀರು ಕುಡಿದು ಒಣಗಿ ಸೆಟೆದಿದ್ದವು. ಪಿಂಟೊ ಮೇಡಂ ಷರಾದ ಪುಟ ತೆರೆದರು. ತಿರುಗಿಸಿ ನೋಡಿದರು. ಕನ್ನಡಕ ತೆಗೆದು ನೋಡಿದರು.

"ಇಲ್ಲಿ ಷರಾ ಏನೂ ಇಲ್ಲವಲ್ಲ."

ಸಹನಾ ಹೋಗಿ ಬಗ್ಗಿ ನೋಡಿದಳು. ಷರಾದ ಮನೆ ಬೆಳ್ಳಗಿತ್ತು.  ಆಮೇಲೆ ಹೊಳೆಯಿತು. ಕ್ಲೋರಿನ್ ಹಸಿಯಾದ ಕಾಗದಕ್ಕೆ ತಾಗಿದರೆ ಬಣ್ಣವನ್ನು ತಿಂದುಹಾಕುತ್ತದೆ. ಬಟ್ಟೆ ಬಿಳುಪು ಮಾಡುವುದೂ ಅದೇ, ಶಾಯಿಯ ಬಣ್ಣ ಹಾರಿಸುವುದೂ ಅದೇ. ಶಾಂತವ್ವನನ್ನು ಕೊಂದ ಅನಿಲವೇ ಸಾಹೇಬರ ಹಸಿರು ಶಾಯಿಯನ್ನೂ ತೊಳೆದು ಬಿಟ್ಟಿತ್ತು.

"ನಾ ಏನೂ ಬರದಿಲ್ರಿ," ಎಂದರು ಸೋಮನಗೌಡರು ನಿರಾಳವಾಗಿ. ವಿಕ್ರಾಂತ್ ಕುರ್ಚಿಗೆ ಒರಗಿದ.

ಆದರೆ ಪುಟ ಖಾಲಿಯಾಗಿರಲಿಲ್ಲ. ಎಡಬದಿಗೆ ಕರ್ರಗೆ, ಒತ್ತೊತ್ತಾಗಿ, ಸೊಟ್ಟ ಅಕ್ಷರಗಳಿದ್ದವು. ಪಿಂಟೊ ಮೇಡಂ ಅವುಗಳ ಮೇಲೆ ಬೆರಳು ಆಡಿಸಿದರು. ಬೆರಳಿಗೆ ಕಪ್ಪು ಹತ್ತಿತು.

"ಇದು ಪೆನ್ಸಿಲ್ಲು."

"ಆ ಶೆಡ್ಡಿನಾಗ ಪೆನ್ನು ನಿಲ್ಲಂಗಿಲ್ರಿ," ಎಂದ ಫಕ್ಕೀರಪ್ಪ. "ವರ್ಷದಾಗ ಬೆಳ್ಳಗಾಕ್ಕೈತಿ. ನಮ್ಮ ಹಳೇ ಮಿಸ್ತ್ರಿ ಹೇಳಿದ್ದ, ಪೆನ್ಸಿಲ್ಲಿಲೆ ಬರಿ ಅಂತ."

ಪೆನ್ಸಿಲ್ಲಿನ ಕಪ್ಪು ಇಂಗಾಲ. ಕ್ಲೋರಿನ್ ಅದಕ್ಕೆ ಏನೂ ಮಾಡಲಾರದು. ಪಿಂಟೊ ಮೇಡಂ ಓದಲು ತೊಡಗಿದರು. ಅವರ ಕರಾವಳಿಯ ನಾಲಿಗೆಯಲ್ಲಿ ಆ ಮಾತು ವಿಚಿತ್ರವಾಗಿ ಕೇಳಿಸಿತು, ಆದರೂ ಯಾರೂ ನಗಲಿಲ್ಲ. 'ಹತ್ತೂವರಿ. ಏನಿಲ್ಲ.' 'ಹನ್ನೊಂದು. ಸಣ್ಣ ಘಾಟು. ಮೂರನೇ ಟನ್ನರ್ ಬಿಳಿ ಹೊಗಿ. ನಟ್ ಬಿಗಿ ಮಾಡೇನಿ.' 'ಹನ್ನೊಂದೂವರಿ. ಏನಿಲ್ಲ. ಸೆನ್ಸರ್ ಸೊನ್ನಿ.' 'ಸೆನ್ಸರ್ ಸತ್ತೈತಿ, ಬದಲಿ ಮಾಡ್ರಿ.' ಪುಟದ ಮೇಲೆ ಪುಟ. ಎರಡೂವರೆ ವರ್ಷ. ಬಿಳಿ ಹೊಗೆ ಎಂದು ಬರೆದದ್ದು ಹತ್ತೊಂಬತ್ತು ಕಡೆ. ಹತ್ತೊಂಬತ್ತು ಸಲವೂ ಮುಂದಿನ ಸಾಲಿನಲ್ಲಿ 'ಬಿಗಿ ಮಾಡೇನಿ'. ಕೊನೆಯ ಸಾಲು ಸೋರಿಕೆಗೆ ಆರು ವಾರ ಮೊದಲಿನದು: 'ಇವತ್ತಿಂದ ಇಲ್ಲಿ ಬರೂದು ಬ್ಯಾಡ ಅಂದಾರ.'

ಪಿಂಟೊ ಮೇಡಂ ರಜಿಸ್ಟರು ಮುಚ್ಚಿದರು. "ಈ ಮನುಷ್ಯ ನಿರ್ಲಕ್ಷ್ಯ ಮಾಡಿದ್ದಾನೆ ಎಂದು ಹೇಳುವುದಕ್ಕೆ ನನಗೆ ಏನೂ ಸಿಗುವುದಿಲ್ಲ," ಎಂದರು. "ಫಕ್ಕೀರಪ್ಪನವರೇ, ನಿಮ್ಮದು ಮುಗಿಯಿತು. ನೀವು ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ. ಷರಾದ ವಿಷಯಕ್ಕೆ ಮಾತ್ರ ದಾಖಲೆ ಇಲ್ಲ."

ಸಹನಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅವನು ಉಳಿದಿದ್ದ. ಅವನ ಮೇಲಿನ ಕೇಸು ಬಿದ್ದುಹೋಗಿತ್ತು. ಗೌಡರು ಮಾತ್ರ ಬೆಳ್ಳನೆಯ ಕಾಗದದ ಹಿಂದೆ ತಪ್ಪಿಸಿಕೊಂಡು ಹೊರಟಿದ್ದರು. ಅವಳಿಗೆ ಸಮಾಧಾನವೂ ಆಯಿತು, ಮೈಯೂ ಉರಿಯಿತು.

ನರ್ಸು ಗಾಲಿಕುರ್ಚಿ ತಿರುಗಿಸಿದಳು. ಫಕ್ಕೀರಪ್ಪ ಕೈಚಾಚಿ ಗಾಲಿ ಹಿಡಿದುಕೊಂಡ.

"ಮೇಡಮ್ಮಾರ, ದಾಖಲೆ ಇಲ್ಲ ಅಂದ್ರಿ. ಶಾಯಿ ಹಾರಿದ್ರ ಹಾರ್ಲಿ. ಬರದಾಗ ನಾ ಎದುರಿಗೆ ನಿಂತಿದ್ದೆ. ನನ್ನ ಬಾಯಿ ಐತಿ." ಅವನು ಗಾಳಿ ಎಳೆದುಕೊಂಡ. ಎದೆ ಸಿಳ್ಳೆ ಹೊಡೆದಂತೆ ಸದ್ದು ಮಾಡಿತು. "ಅವತ್ತು ಸೋಮಾರ. ಗೌಡ್ರು ಶೆಡ್ಡಿನ ಬಾಗಲಾಗ ಮೂಗಿಗೆ ಕರ್ಚೀಫು ಹಿಡಕೊಂಡು..."

"ಏ ಫಕ್ಕೀರ್ಯಾ, ಸುಮ್ನಿರೋ!"

ಸೋಮನಗೌಡರು ಎದ್ದುನಿಂತು ಬೆರಳು ತೋರಿಸುತ್ತಿದ್ದರು. ಎಲ್ಲಿದ್ದೇನೆ ಎನ್ನುವುದು ಅವರಿಗೆ ಮರೆತೇಹೋಗಿತ್ತು. ಮೂವತ್ತು ವರ್ಷದ ರೂಢಿ, ನಾಲಿಗೆ ತಾನಾಗಿ ಆಡಿಬಿಟ್ಟಿತ್ತು.  ಗೌಡರು ಸುತ್ತ ನೋಡಿದರು. ಮೆಲ್ಲಗೆ ಕೂತರು. ವಿಕ್ರಾಂತ್ ಅವರಿಂದ ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡ.

ಪಿಂಟೊ ಮೇಡಂ ಗುಮಾಸ್ತನ ಕಡೆ ತಿರುಗಿದರು. "ಗೌಡರು ಈಗ ಹೇಳಿದ್ದನ್ನು ಸಹ ಬರೆಯಿರಿ. ಹೇಳಿದ ಹಾಗೆಯೇ." ಆಮೇಲೆ ಫಕ್ಕೀರಪ್ಪನಿಗೆ, "ನೀವು ಹೇಳಿ. ಎಷ್ಟು ಹೊತ್ತಾದರೂ ಸರಿ," ಎಂದರು.

ಅವನು ಹೇಳಿದ. ತಾರೀಖು ಹೇಳಿದ, ಮೂರೂ ಸಲದ ಮಾತು ಹೇಳಿದ, ಹಸಿರು ಶಾಯಿಯಲ್ಲಿ ಬರೆದ ಒಂದೊಂದು ಅಕ್ಷರ ಹೇಳಿದ. ನಡುನಡುವೆ ನಿಂತ, ನೀರು ಕುಡಿದ. ಅರ್ಧ ತಾಸು ಹಿಡಿಯಿತು. ಸಹನಾ ಅವನ ಕುರ್ಚಿಯ ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. ಇನ್ನು ಸಾಕು ಕಾಕಾ ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ.

"ಅವರದು ಆತು. ಇನ್ನ ನಂದು ಐತಿ," ಎಂದ. "ಶಾಂತವ್ವ ಅವತ್ತು ಬುತ್ತಿ ಬಿಚ್ಚೂಕಿಂತ ಮದ್ಲ ನನ್ನ ಕಿಡಿಕಿಗೆ ಬಂದಿದ್ಲು. ಅಣ್ಣಾ, ಘಾಟು ಬರಾಕತ್ತೈತಿ, ಒಮ್ಮಿ ಹೋಗಿ ನೋಡಿ ಬಾ ಅಂದ್ಲು. ಎದ್ರ ಎದಿ ಮ್ಯಾಲಿನ ಪೆಟಗಿ ಕೆಂಪಾಕ್ಕಿತ್ತು. ಸೊನ್ನಿ ಐತಿ, ಹೋಗಿ ಉಣ್ಣಬೇ ಅಂದೆ. ನಾ ಕುರ್ಚಿ ಬಿಟ್ಟು ಏಳಲಿಲ್ರಿ. ಅದನ್ನೂ ಬರ್ಕೊರಿ."

ಗುಮಾಸ್ತನ ಪೆನ್ನು ನಿಂತಿತು. ಅವನು ಪಿಂಟೊ ಮೇಡಂ ಅವರ ಮುಖ ನೋಡಿದ.  ಗುಮಾಸ್ತ ಬರೆಯುವವರೆಗೂ ಫಕ್ಕೀರಪ್ಪ ಕಾದ.